ಅಲ್ಪಪ್ರಾಣ

ಮೊದಲು ಕಬ್ಬಿಣದ ಬೀರು ಹೊರಗೆ ಹೋಯಿತು,
ಆಮೇಲೆ ಅಕ್ಕಿ ಡ್ರಮ್ಮು, ಕೆಟ್ಟ ಇಸ್ತ್ರಿಪೆಟ್ಟಿಗೆ,
ಅತ್ತೆ ಕೊಟ್ಟ ಹಿತ್ತಾಳೆ ಕೊಳಗ.
ಆರಡಿಗೆ ಐದಡಿ ಉಳಿಯಿತು.
ಮಂಡ್ಯದ ಸ್ವರ್ಣಸಂದ್ರದಲ್ಲಿ ಇಷ್ಟು ಖಾಲಿ
ಇನ್ಯಾರ ಮನೆಯಲ್ಲಿದೆ ಎಂದೆ.
'ಅಕ್ಕೀನ ನಿನ್ನ ತಲೆ ಮ್ಯಾಲೆ ಮಡಗ್ಲಾ?' ಎಂದಳು ಜಯಶೀಲ.

ಮೊಟ್ಟೆ ಟ್ರೇ ಅಂಟಿಸು, ಸದ್ದು ಸಾಯುತ್ತೆ ಎಂದವನು
ಮೊಟ್ಟೆ ಅಂಗಡಿಯವನೇ. ನಂಬಬಾರದಿತ್ತು.
ಎಪ್ಪತ್ತು ಟ್ರೇ, ಮೂರು ಡಬ್ಬ ಗೋಂದು.
ಸದ್ದು ಸಾಯಲಿಲ್ಲ. ಹಲ್ಲಿಗಳು ಬಂದು ಸಂಸಾರ ಹೂಡಿದವು,
ನಡುರಾತ್ರಿ ಲೊಚಗುಟ್ಟಿ
ನಾನು ಓದಿದ್ದಕ್ಕೆಲ್ಲ ಸತ್ಯ, ಸತ್ಯ ಎಂದವು.

ಹಾಸಿಗೆ ಹೊಲಿಯುವ ದಸ್ತಗೀರ್ ಸಾಬರು
ಹತ್ತಿ ಬಡಿಯುವ ಬಿಲ್ಲು ಕೆಳಗಿಟ್ಟು ನಕ್ಕರು:
'ಗ್ವಾಡೆ ಮನೀಕತದಾ ಬೋರಲಿಂಗಣ್ಣ?'
ಮಲಗಿಸಬೇಕು ಸಾಬರೇ, ಎದುರುತ್ತರ ಕೊಡುತ್ತೆ.
ಹಳೆ ಹತ್ತಿಯಲ್ಲೇ ನಾಲ್ಕು ಹೊಲಿದರು, ಬಾಗಿಲಿಗೆ ಕರಿಕಂಬಳಿ.
ಒಳಗೆ ನಿಂತು ಒಂದು ಚಪ್ಪಾಳೆ ತಟ್ಟಿದೆ.
ಕೈಯಿಂದ ಹೋದದ್ದು ವಾಪಸು ಬರಲಿಲ್ಲ,
ಭಾವಮೈದುನನಿಗೆ ಕೊಟ್ಟ ಸಾಲದ ಹಾಗೆ.

ಕಸೂತಿಯ ಬಳೆಗೆ ಹಳೆ ಕಾಲುಚೀಲ ಬಿಗಿದು
ಮೈಕಿನ ಮುಂದೆ ನಿಲ್ಲಿಸಿದೆ.
ಮೈಕಿಗೂ ಬಾಯಿಗೂ ಒಂದು ಗೇಣು.
ಇಪ್ಪತ್ತೆರಡು ವರ್ಷ ಬೆಲ್ಲದ ಮಂಡಿಯಲ್ಲಿ
ಸವಾಲು ಕೂಗಿದ ಗಂಟಲು ಇದು,
ಮೂರು ಲಾರಿ ಆಚೆ ನಿಂತ ಸೇಟಿನ ಕಿವಿಗೆ
ಅಚ್ಚಿನ ಬೆಲೆ ಮುಟ್ಟಿಸಿದ್ದು.
ಬೆಲೆ ಈಗ ಪರದೆಯ ಮೇಲೆ ಸದ್ದಿಲ್ಲದೆ ಏರುತ್ತೆ.
ನಾನು ಇಲ್ಲಿ ಕಲಿಯುತ್ತಿದ್ದೇನೆ,
ಮಲಗಿದ ಮಗುವಿನ ಪಕ್ಕ ಕೂತು
ಗಂಡ ಹೆಂಡಿರು ಜಗಳವಾಡುವಷ್ಟು ಮೆಲ್ಲಗೆ.

ಮೊದಲ ಕೆಲಸ, ಮೈಸೂರಿನ ಒಂದು ಆಸ್ಪತ್ರೆಯ ಲಿಫ್ಟು.
ಹನ್ನೊಂದು ವಾಕ್ಯ.
ಬಾಗಿಲು ಮುಚ್ಚುತ್ತಿದೆ.
ಎರಡನೇ ಮಹಡಿ, ಹೆರಿಗೆ ವಿಭಾಗ.
ಭಾರ ಹೆಚ್ಚಾಗಿದೆ, ಒಬ್ಬರು ಇಳಿಯಿರಿ.

ಸದ್ದು ತಿದ್ದುವ ಹುಡುಗ ಫೋನು ಮಾಡಿದ:
'ಸಾರ್, ನಿಮ್ಮ ಭ ಒಡೀತಿದೆ.
ಉಸಿರು ಜಾಸ್ತಿ. ಮೈಕು ತಡ್ಕೊಳಲ್ಲ.'

ಕೊತ್ತತ್ತಿಯ ಶಾಲೆಯಲ್ಲಿ ಪದ್ಮನಾಭಯ್ಯ ಮೇಷ್ಟ್ರು
ನನ್ನ ಬಾಯಿಯ ಮುಂದೆ ಕಾಗದದ ಚೂರು ಹಿಡಿಯುತ್ತಿದ್ದರು.
ಬಾರ ಅಲ್ಲವೋ, ಭಾರ! ಕಾಗದ ಅಲ್ಲಾಡಬೇಕು.
ಅದು ಅಲ್ಲಾಡದಿದ್ದರೆ ಹುಣಸೆ ಬರಲು ಅಲ್ಲಾಡುತ್ತಿತ್ತು.
ನಮ್ಮ ಕೇರಿಯವರು ಮಹಾಪ್ರಾಣಕ್ಕೆ
ಉಸಿರು ಖರ್ಚು ಮಾಡಿದವರಲ್ಲ;
ಕಬ್ಬಿನ ಹೊರೆ ಎತ್ತಲು ಬೇಕಿತ್ತು ಅದು.
ಅಂಗೈ ಊದಿಸಿಕೊಂಡು ಏಳನೇ ಕ್ಲಾಸಿನ ಹೊತ್ತಿಗೆ
ಹಾಲಿಗೆ ಹ ತಂದೆ, ಧನಕ್ಕೆ ಧ ತಂದೆ,
ಧನವನ್ನು ತರಲಾಗಲಿಲ್ಲ.
ಅವ್ವ ಮಾತ್ರ ಕೊನೆವರೆಗೂ ಆಲು ಎಂದೇ ಕರೆದಳು.
ಒಂದು ದಿನವೂ ಒಡೆಯಲಿಲ್ಲ ಆ ಆಲು.

ರಾತ್ರಿ ಎರಡೂವರೆ. ರೈಲು ದಾಟಿಹೋಗಿತ್ತು,
ಕಬ್ಬಿನ ಟ್ರ್ಯಾಕ್ಟರು ಇನ್ನೂ ಬಂದಿರಲಿಲ್ಲ.
ಫ್ಯಾನು ಆರಿಸಿದೆ, ಫ್ರಿಜ್ಜು ಆರಿಸಿದೆ,
ಗೋಡೆ ಗಡಿಯಾರದ ಸೆಲ್ಲು ಕಿತ್ತೆ.
'ಒಂದು ನಿಮಿಷ ಸುಮ್ನೆ ಕೂತು
ಆ ಖಾಲೀನೂ ಕಳಿಸಿ ಸಾರ್' ಎಂದಿದ್ದ ಹುಡುಗ.
ಕೂತೆ. ಕಿವಿಗೆ ಹಾಕಿಕೊಂಡಿದ್ದರಲ್ಲಿ
ನನ್ನದೇ ರಕ್ತ ಹರಿಯುವ ಸದ್ದು,
ನೀರು ಬಿಟ್ಟ ರಾತ್ರಿ ನಾಲೆಯ ಏರಿ ಮೇಲೆ ನಿಂತ ಹಾಗೆ.
ಆಮೇಲೆ, ಯಾರೂ ಹೇಳಿಕೊಡದೆ,
ಅವ್ವನ ಬಾಯಲ್ಲಿ ಹೇಳಿದೆ:
ಬಾರ ಎಚ್ಚಾಗಿದೆ. ಒಬ್ಬರು ಇಳಿಯಿರಿ.
ಪರದೆಯ ಮೇಲಿನ ಹಸಿರು ಗೆರೆ
ಎಮ್ಮೆ ಕೆರೆಗಿಳಿದ ಹಾಗೆ ನಿಧಾನಕ್ಕೆ ಎದ್ದು ಕೂತಿತು.

ಕಳಿಸಿದೆ. ಐದಕ್ಕೇ ಉತ್ತರ ಬಂತು, ಹುಡುಗ ಮಲಗುವುದೇ ಇಲ್ಲವೇನೋ:
'ಸೂಪರ್ ಸಾರ್. ಭ ಈಗ ಕರೆಕ್ಟಾಗಿದೆ.
ಆ ಹೆ ಒಂದು ಇನ್ನೊಂದ್ಸಲ ಹೇಳಿ.'

ಇನ್ನೊಂದು ಸಲ ಕೂತೆ. ಕಂಬಳಿ ಸರಿಸಿ
ಜಯಶೀಲ ಪಾತ್ರೆ ಹಿಡಿದು ನಿಂತಿದ್ದಳು.
ಫ್ರಿಜ್ಜು ಹಾಕುವುದು ಮರೆತಿದ್ದೆ.
'ನೋಡು, ಆಲೆಲ್ಲಾ ಒಡದೋಗದೆ.'
ಒಂದು ಗೇಣು ದೂರದಿಂದ ಹೇಳಿದಳು.
ಎಷ್ಟು ಸ್ಪಷ್ಟ.
ಮೈಕು ಆನ್ ಇತ್ತು.