ಏಕವಚನ

ಶಾರ್ಜಾ, ಹತ್ತನೇ ಇಂಡಸ್ಟ್ರಿಯಲ್ ಏರಿಯಾ.
ರಾತ್ರಿ ಊಟ ಮುಗಿದ ಮೇಲೆ ಸ್ಪೇರ್ ಪಾರ್ಟ್ಸಿನ ಗ್ರೇಷನ್
ಬಂಪರ್ ಬಂದ ರಟ್ಟಿನ ಡಬ್ಬ ಬಿಚ್ಚಿ, ಹಾಸಿ,
ಅದರ ಮೇಲೆ ಮಾರ್ಕರಿನಲ್ಲಿ ಬರೆಯುತ್ತಾನೆ:
ಸಮ್‌ಬಾಡಿ. ಎನಿಬಾಡಿ. ನೋಬಾಡಿ.

ನನಗೆ ಗೊತ್ತಿದ್ದ ಬಾಡಿ ಒಂದೇ,
ಹುಬ್ಬಳ್ಳಿ ಶೆಡ್ಡಿನಲ್ಲಿ ಹದಿನಾಲ್ಕರ ವಯಸ್ಸಿಗೆ
ಲಾರಿಗೆ ಕಟ್ಟುತ್ತಿದ್ದೆವಲ್ಲ, ಅದು.
ಇನ್ನೊಂದೂ ಗೊತ್ತಿತ್ತು, ಕಾರ್ಗೋದಲ್ಲಿ ಊರಿಗೆ ಹೋಗುವುದು.
ಮಲಗುವ ಹೊತ್ತಿಗೆ ಅದರ ಮಾತು ಬೇಡ.

"ಸಮ್‌ಬಾಡಿ ಕೇಮ್. ಯಾರೋ ಬಂದ್ರು."
ಬಂದ್ರೋ, ಬಂದನೋ, ಬಂದಳೋ?
ಇಂಗ್ಲಿಷಿಗೆ ಆ ತಲೆನೋವೇ ಇಲ್ಲವಂತೆ.
ಪ್ರಶ್ನೆ ಬಂದರೆ ಎನಿಬಾಡಿ.
ಎವ್ರಿಬಾಡಿಗೆ ಮಾತ್ರ ಈಸ್ ಅನ್ನಬೇಕು, ಆರ್ ಅಲ್ಲ;
ಎಲ್ಲರೂ ಸೇರಿದರೂ ಏಕವಚನ.
ಇದು ಬೇಗ ತಲೆಗೆ ಹತ್ತಿತು.
ನಮ್ಮ ಫೋರ್‌ಮನ್ ಹದಿನೆಂಟು ಮಂದಿಯನ್ನೂ
ಒಂದೇ ‘ಏಯ್’ನಲ್ಲಿ ಕರೆಯುತ್ತಾನೆ.

ನೋಬಾಡಿಯಲ್ಲಿ ಸಿಕ್ಕಿಬಿದ್ದೆ.
ಯಾರೂ ಅಂದಮೇಲೆ ಇಲ್ಲ ಅನ್ನಬೇಡವೇ?
ನಮ್ಮ ವಾಕ್ಯ ಕೊನೆಯವರೆಗೆ ನಡೆದುಹೋಗಿ
ಬಾಗಿಲು ಹಾಕಿ ಬರುತ್ತದೆ: ಯಾರೂ ಇರಲಿಲ್ಲ.
ಅವರದು ನೋಬಾಡಿ ವಾಸ್ ದೇರ್.
"ಇಲ್ಲದವನೊಬ್ಬ ಅಲ್ಲಿದ್ದ ಅಂತೇನು?"
ಗ್ರೇಷನ್ ತಲೆ ಕೆರೆದುಕೊಂಡ.
ಪೇಂಟರ್ ಗುಲ್ ಜಮಾನ್ ಚಪ್ಪಾಳೆ ತಟ್ಟಿದ,
ಕನ್ನಡ ಬಾರದಿದ್ದರೂ.

ಮುಂದಿನ ವಾರ, ಶಟರ್ ಅರ್ಧ ಇಳಿದ ಮೇಲೆ,
ಬಿಳಿ ಲ್ಯಾಂಡ್ ಕ್ರೂಸರ್ ಒಂದು ಬಂತು.
ಬಾನೆಟ್ಟಿನ ಎಡಮೂಲೆ ಕುಸಿದಿದೆ, ದೀಪ ಪುಡಿ.
ಕೀಚೈನ್ ತಿರುಗಿಸುತ್ತ ಹುಡುಗ ಅಂದ:
ಪಾರ್ಕಿಂಗಿನಲ್ಲಿ ಸಮ್‌ಬಾಡಿ ಹಿಟ್ ಇಟ್. ನೋಬಾಡಿ ಸಾ.
ಪೊಲೀಸ್ ಕಾಗದ?
ನಾಳೆ ತರುತ್ತಾರೆ, ಸಮ್‌ಬಾಡಿ.

ಡೆಂಟಿಗೂ ಒಂದು ಭಾಷೆಯಿದೆ,
ಇಪ್ಪತ್ತೆರಡು ವರ್ಷದಿಂದ ಓದುತ್ತಿದ್ದೇನೆ.
ಕಾರು ಗುದ್ದಿದರೆ ತನ್ನ ಬಣ್ಣ ಬಿಟ್ಟುಹೋಗುತ್ತದೆ.
ಕಂಬಕ್ಕೆ ಗುದ್ದಿದರೆ ತಗಡು ಮಡಿಚಿಕೊಳ್ಳುತ್ತದೆ.
ಇದು ಮೆತ್ತಗಿತ್ತು, ಅಗಲಕ್ಕಿತ್ತು, ಸೊಂಟದೆತ್ತರಕ್ಕಿತ್ತು.
ಗ್ರಿಲ್ಲಿನೊಳಗೆ ಸೈಕಲ್ ಬೆಲ್ಲಿನ ಮುಚ್ಚಳ.
ತೆಗೆಯುವಾಗ ಸ್ಪ್ಯಾನರ್ ತಾಗಿ
ಟಿಣ್ ಅಂದಿತು, ಸಣ್ಣಗೆ,
ದಾರಿ ಬಿಡಿ ಅನ್ನುವ ಹಾಗೆ.

"ಏಯ್, ಬೆಳಗಿನೊಳಗೆ ಎತ್ತು" ಅಂದ ಫೋರ್‌ಮನ್.
ಎತ್ತಬಹುದಿತ್ತು. ಒಳಗಿನಿಂದ ಮರದ ಸುತ್ತಿಗೆ,
ಮೇಲೆ ಪುಟ್ಟಿ, ಜಮಾನನ ಎರಡು ಕೋಟ್ ಬಿಳುಪು.
ಆಮೇಲೆ ಸಜ್ಜಾ ರಸ್ತೆಯಲ್ಲಿ
ನೋಬಾಡಿ ವಾಸ್.

ಕಕ್ಕಸಿನ ನಲ್ಲಿ ತಿರುಗಿಸಿಟ್ಟು ಫೋನ್ ಹಚ್ಚಿದೆ.
ರಟ್ಟಿನ ಮೇಲೆ ಇಲ್ಲದ ವಾಕ್ಯ,
ನಾನೇ ಜೋಡಿಸಿದ್ದು:
ಸಮ್‌ಬಾಡಿ ವಾಸ್ ದೇರ್.
ಆ ಕಡೆ ಹೆಣ್ಣುದನಿ, ಹೂ ಈಸ್ ಸ್ಪೀಕಿಂಗ್ ಅಂತ ಕೇಳಿತು.
ಗ್ರೇಷನ್ ಕಲಿಸಿದ್ದು ಯಾವುದೂ ಇಲ್ಲಿಗೆ ಕೂರುವುದಿಲ್ಲ.
ವೀಸಾ ನೆನಪಾಯಿತು. ಮಗಳ ಫೀಸು.
ನೀರು ಬಕೆಟ್ ತುಂಬಿ ಹೊರಗೆ ಹರಿಯುತ್ತಿತ್ತು.
ಹೆಸರಿನ ಸ್ಪೆಲಿಂಗ್ ಹೇಳತೊಡಗಿದೆ:
ಎಮ್ ಫಾರ್ ಮಡ್‌ಗಾರ್ಡ್,
ಎ ಫಾರ್ ಆ್ಯಕ್ಸಲ್,
ಬಿ ಫಾರ್

ಅಲ್ಲಿಗೆ ಬಂದು ತಡವರಿಸಿದೆ.