ಇತರೆ

ಗುತ್ತಲು ರಸ್ತೆಯ ಗೋಡೌನಿನಲ್ಲಿ
ಸೋಪಿನ ಪೆಟ್ಟಿಗೆಗಳ ಬೆನ್ನಿಗೆ ನನ್ನ ಮೇಜು.
ಹನ್ನೊಂದು ವರ್ಷ ಬಿಲ್ಲು ಹಾಕಿ ಹಾಕಿ
ಊಟದ ಡಬ್ಬಿಗೂ ನಿಂಬೆಸೋಪಿನ ವಾಸನೆ.

ಮೊದಲು ಸಂಜೆಗೆ ಕಾರ್ಬನ್ ಪುಸ್ತಕ ಬರುತ್ತಿತ್ತು.
ದ್ಯಾವಣ್ಣನ ಅಂಕಿ, ಬೆವರಿಗೆ ಕದಡಿ,
ಆರೋ ಒಂಬತ್ತೋ ಎಂದು ಫೋನು ಮಾಡಿದರೆ
ಅವನಾಗಲೇ ಮಲಗಿರುತ್ತಿದ್ದ.
ಹೆಂಡತಿ ಹೇಳೋಳು:
‘ಒಂಬತ್ತೇ ಹಾಕ್ಕಳಿ ಮೇಡಮ್,
ಜಾಸ್ತಿ ಆದ್ರೆ ವಾಪಸ್ ಬತ್ತದೆ.’

ಯುಗಾದಿ ಕಳೆದ ಮೇಲೆ ಕಂಪನಿಯವರು
ಆರೂ ಜನದ ಫೋನಿಗೆ ಆ್ಯಪ್ ಹಾಕಿಸಿದರು.
ಮೈಸೂರಿನಿಂದ ಬಂದ ಇಸ್ತ್ರಿ ಅಂಗಿಯ ಹುಡುಗ
ಪದ್ಮರಾಜ ಶೆಟ್ಟರ ಗೋಡೆಗೆ ಬೆಳಕು ಬಿಟ್ಟು
ಬೀಟು, ಭೇಟಿ, ಗುರಿ, ಸರಾಸರಿ ಅಂದ.
ಅಂಗಡಿಗೆ ಐವತ್ತು ಮೀಟರಿನೊಳಗೆ ನಿಂತರಷ್ಟೇ
ಆರ್ಡರು ಹತ್ತುತ್ತದೆ ಅಂದ.

ಕಾಳಮ್ಮನ ಅಂಗಡಿ ನಕ್ಷೆಯಲ್ಲಿ
ನಾಲೆಯ ನಡುನೀರಿನಲ್ಲಿತ್ತು.
ಒಂದು ಕೈಲಿ ಚಪ್ಪಲಿ, ಇನ್ನೊಂದರಲ್ಲಿ ಫೋನು,
ಬಟ್ಟೆ ಒಗೆಯುವ ಹೆಂಗಸರ ನಡುವೆ ಮೆಟ್ಟಿಲಿಳಿದು
ದ್ಯಾವಣ್ಣ ನನಗೆ ಕರೆ ಮಾಡಿದ:
‘ಇನ್ನೊಂದು ಮೆಟ್ಲು ಇಳಿದ್ರೆ ಆರ್ಡರ್ ಸಿಕ್ತದೆ ಮೇಡಮ್,
ನಾನ್ ಸಿಕ್ಕಕಿಲ್ಲ.’

ಮೂರನೇ ವಾರ ನನ್ನ ಪರದೆಯ ಮೇಲೆ
ಆರೂ ಚುಕ್ಕಿಗಳು ಬಾತುಕೋಳಿಗಳ ಹಾಗೆ
ಒಟ್ಟೊಟ್ಟಿಗೆ ಬಸರಾಳಿನ ಕಡೆ ಹೊರಟವು.
ಷಫಿಯ ಬ್ಯಾಗಿನಲ್ಲಿ ಆರು ಫೋನು.
ಮಿಕ್ಕ ಐವರು ಕೆರಗೋಡಿನ ಟೀ ಅಂಗಡಿಯಲ್ಲಿ.

ಶೆಟ್ಟರು ಬೈಯಲಿಲ್ಲ.
ಮಾರನೆಯ ಬೆಳಿಗ್ಗೆ, ಅರವತ್ತೆರಡರ ಮೈ ಹೊತ್ತು,
ದ್ಯಾವಣ್ಣನ ಬೈಕಿನ ಹಿಂದೆ ಕೂತರು.
ಮೂವತ್ತೊಂಬತ್ತು ಅಂಗಡಿ.
ಕತ್ತಲಿಗೆ ಬಂದವರು ಕುರ್ಚಿಯಲ್ಲಿ ಕೂರಲಾಗದೆ
ಅಕ್ಕಿಮೂಟೆಗೆ ಒರಗಿ ನಿಂತೇ ಹೇಳಿದರು:
ಹದಿನೇಳು ಪ್ರಶ್ನೆ ಯಾವನಿಗೆ ಬೇಕು, ಐದಿರಲಿ.
ಆ ಮುದುಕಿಯನ್ನ ಮೊದಲು ನೀರಿಂದ ಎತ್ತಿ.

ಹಾಗೆ ಉಳಿದ ಐದರಲ್ಲಿ ಕೊನೆಯದು,
ಆರ್ಡರ್ ಇಲ್ಲದಿದ್ದರೆ ಕಾರಣ:
ಸರಕು ಇದೆ. ಮಾಲೀಕರಿಲ್ಲ. ಬಾಗಿಲು ಹಾಕಿದೆ.
ಇತರೆ.

ದ್ಯಾವಣ್ಣ ಒತ್ತುವುದು ಅದೊಂದನ್ನೇ.
ಒತ್ತರಕ್ಷರ ಬೆರಳಿಗೆ ಬಗ್ಗದೆ
ಬಾಯಲ್ಲಿ ಹೇಳುತ್ತಾನೆ, ಫೋನು ಬರೆದುಕೊಳ್ಳುತ್ತದೆ.
‘ಕಬ್ಬು ಕಡಿಯೋರು ಬಂದವ್ರೆ. ದೊಡ್ಡ ಪ್ಯಾಕು ಬ್ಯಾಡ, ಐದು ರೂಪಾಯಿದು ಕೊಡಿ.’
‘ಮಗಳ ಬಾಣಂತನ, ಅಂಗಡಿ ಅಳಿಯ ನೋಡ್ತಾವ್ನೆ, ಅವನಿಗೆ ರೇಟು ಗೊತ್ತಿಲ್ಲ.’
‘ಫ್ಯಾಕ್ಟರಿ ಬಟವಾಡೆ ಆಗ್ಲಿ, ಖುಷಿ ತಡೀರಿ ಅಂದ್ರು.’

ಖುಷಿ ತಡೀರಿ?
ಎರಡು ದಿನ ತಲೆ ಕೆರೆದುಕೊಂಡೆ.
ಒಸಿ. ಒಸಿ ತಡೀರಿ.
ನಮ್ಮ ಮಂಡ್ಯದ ಒಸಿ ಅದರ ಕಿವಿಗೆ ಬಿದ್ದಿಲ್ಲ,
ಎಲ್ಲಿ ಒಸಿ ಅಂದರೂ ಖುಷಿ ಅಂತ ಬರೆಯುತ್ತದೆ.

ಆಷಾಢದಲ್ಲಿ ಕಂಪನಿಯಿಂದ ಕಾಗದ:
ನಿಮ್ಮಲ್ಲಿ ಇತರೆ ಶೇಕಡಾ ನಲವತ್ತು,
ಲೆಕ್ಕ ಕೊಳಕಾಗುತ್ತದೆ, ತೆಗೆದುಹಾಕುತ್ತೇವೆ.
ನಾನು ಎದುರು ಮಾತಾಡಿದವಳಲ್ಲ.
ನಲವತ್ತು ದಿನದ ಇತರೆಯನ್ನು ಮುದ್ರಿಸಿ,
ಪಿನ್ನು ಹೊಡೆದು, ಶೆಟ್ಟರ ಮೇಜಿನ ಮೇಲಿಟ್ಟು
ಕೈ ತೊಳೆಯುವ ನೆಪದಲ್ಲಿ ಹೊರಗೆ ನಿಂತೆ.

ಅವರು ಓದುತ್ತಾ ಓದುತ್ತಾ ಒಮ್ಮೆ ನಕ್ಕರು,
ಆಮೇಲೆ ನಗಲಿಲ್ಲ.
ಆ ವಾರ ಕಬ್ಬಿನ ಹಾದಿಯ ಗಾಡಿಗೆ
ದೊಡ್ಡ ಪ್ಯಾಕು ಇಳಿಸಿ ಸಣ್ಣವು ತುಂಬಿಸಿದರು.
ತಿಂಗಳ ಕೊನೆಗೆ ವಾಪಸ್ ಬಂದದ್ದು ಎರಡೇ ಪೆಟ್ಟಿಗೆ,
ಅದೂ ಇಲಿ ಕಡಿದದ್ದು.
ಇತರೆ ಹಾಗೇ ಉಳಿಯಿತು. ಕಂಪನಿಗೆ ಅವರು ಏನು ಬರೆದರೋ,
ನನಗೆ ತೋರಿಸಲಿಲ್ಲ.

ನಿನ್ನೆ ಏಳೂಮುಕ್ಕಾಲಿಗೆ
ಐದು ಚುಕ್ಕಿ ಮನೆ ಸೇರಿದ್ದವು,
ಒಂದು ಮಾತ್ರ ನಾಲೆಯ ದಡದಲ್ಲಿ, ಒಣ ನೆಲದ ಮೇಲೆ.
ಕಾಳಮ್ಮ, ಇತರೆ:
‘ಟೀ ಕುಡಿಸಿದ್ರು. ಖುಷಿ ಬಾಕಿ ಐತೆ.
ಬುಧವಾರ ಕೊಡ್ತಾರಂತೆ.’

ತಿದ್ದಲು ಕೈ ಹೋಯಿತು.
ಬಿಟ್ಟೆ.
ಬಾಕಿ ಕಲಮಿನಲ್ಲಿ ಇನ್ನೂರ ನಲವತ್ತು ಎಂದು ಹಾಕಿ
ಫ್ಯಾನು ಆರಿಸಿದೆ.