ನೊರೆಗೆ ತಕ್ಕ ಸೌಟು

ಸ್ಟೇಷನ್ ರಸ್ತೆಯ ಹೋಟೆಲೊಂದು ಬಾಗಿಲು ಮುಚ್ಚಿದಾಗ
ಎರಡು ವರ್ಷದ ಮೋಟರ್ ರಿಪೇರಿ ಬಾಕಿಗೆ
ರೊಕ್ಕದ ಬದಲು ಸಮುದ್ರ ಕೊಟ್ಟರು.
ನಾಲ್ಕಡಿ ಗಾಜು, ಜೀವವಿದ್ದ ಹವಳ ಮೂರು ಗುಪ್ಪೆ,
ಕಿತ್ತಳೆ ಮೈಗೆ ಬಿಳಿ ಪಟ್ಟಿಯ ಜೋಡಿ ಮೀನು,
ಒಂದು ಸೀಗಡಿ, ಬುಡ ಸೀಳಿದ ಸ್ಕಿಮ್ಮರು.
ಟಂಟಂನಲ್ಲಿ ಬಕೆಟ್ಟು ತಬ್ಬಿ ಕೂತು
ಬ್ರಹ್ಮಪುರಕ್ಕೆ ತಂದೆ.
ಕಡಲನ್ನು ನಾನು ಇವತ್ತಿಗೂ ಕಂಡಿಲ್ಲ.

ಹೈದರಾಬಾದಿನಿಂದ ಅಂಗಡಿಯ ಮುಬೀನ್:
"ಸಾವಿರ ಲೀಟರಿಂದೇ ತಗೋರಿ ಉಸ್ತಾದ್,
ದೊಡ್ಡದಿದ್ರ ಎಂದೂ ನುಕ್ಸಾನಿಲ್ಲ."
ಈ ಮಾತು ನನಗೆ ಹೊಸದಲ್ಲ.
ಎರಡಿಂಚು ನೀರಿನ ಬೋರಿಗೆ ಏಳೂವರೆ ಎಚ್‌ಪಿ ಇಳಿಸಿ
ಗಾಳಿ ಎಳೆದೆಳೆದು ಕರಕಾದ ಮೋಟರನ್ನು
ಬೈಕಿನ ಹಿಂದೆ ಮಗುವಿನಂತೆ ಕಟ್ಟಿಕೊಂಡು ಬರುತ್ತಾರಲ್ಲ,
ಅವರ ತಾಮ್ರ ಬಿಚ್ಚಿ ಸುತ್ತುವುದೇ ನನ್ನ ರೊಟ್ಟಿ.

ಹಾಗಾಗಿ ಮೊದಲು ಲೆಕ್ಕ.
ಗಾಜಿನ ತೊಟ್ಟಿ ಮುನ್ನೂರೈವತ್ತು,
ಕಲ್ಲು ಮರಳು ಕಳೆ, ಕೆಳಗಿನ ತೊಟ್ಟಿ ಕೂಡು,
ಮುನ್ನೂರು, ತುಸು ಆಚೀಚೆ.
ಆದರೆ ಲೀಟರುಗಳು ಹೊಲಸು ಮಾಡುವುದಿಲ್ಲ.
ಮಾಡುವುದು ಆ ಎರಡು ಬಾಯಿ,
ಮತ್ತೆ ದಿನಾ ಬೆಳಿಗ್ಗೆ ಮಗಳು ಹಾಕುವ ಒಂದು ಚಿಟಿಕೆ.
ಅವಳ ಚಿಟಿಕೆ, ನನ್ನದಲ್ಲ.
ಅದನ್ನು ಅಳೆಯುವ ಟೇಪು
ಯಾವ ಡಬ್ಬಿಯೊಳಗೂ ಬರುವುದಿಲ್ಲ.

ರಾತ್ರಿ ಜಗದೇವಿ ತೊಗರಿ ಬ್ಯಾಳಿ ಕುದಿಗಿಟ್ಟಳು.
ನೊರೆ ಎದ್ದು ಅಂಚಿಗೆ ಬಂತು.
ಸೌಟಿನಲ್ಲಿ ಎತ್ತಿ ಬದಿಗೆ ಕೊಡವಿದಳು,
ಇನ್ನೊಮ್ಮೆ, ಮತ್ತೊಮ್ಮೆ.
"ಏನ್ ನೋಡ್ಲತ್ತೀರಿ?"
ಮದುವೆ ಮನೆಯ ಸೌಟು ತಂದುಕೊಟ್ಟರೆ ಎಂದೆ.
"ಪಾವು ಬ್ಯಾಳಿಗಾ? ನೊರಿ ಸಿಗಂಗಿಲ್ಲ, ಬ್ಯಾಳಿನೇ ಬರ್ತದ."
ಚಹದ ಚಮಚ?
"ಒಲಿ ತುಂಬ ಉಕ್ತದ. ನೀವೇ ತೊಳೀರಿ."

ಅದೇ ಸಂಗತಿ. ಅಗಲ ಕೊಳವೆಯಲ್ಲಿ
ಹೊಲಸು ಸಾಲದ ನೀರು ಗುಳ್ಳೆ ಗುಳ್ಳೆಯಾಗಿ ಎದ್ದು
ಒಂದರ ಹೆಗಲಿಗೆ ಒಂದು ನಿಲ್ಲಲಾರದೆ
ಕತ್ತಿನವರೆಗೆ ಏರಿ, ಒಡೆದು, ಮತ್ತೆ ನೀರು.
ಬಟ್ಟಲು ಒಣಗಿಯೇ ಇರುತ್ತದೆ,
ಗಾಜಿಗೆ ಹಸಿರು ಹತ್ತುತ್ತದೆ.

ಐನೂರರದ್ದು ತರಿಸಿದೆ.
ಇಪ್ಪತ್ತು ಸೆಂಟಿ ನೀರಿನಲ್ಲಿ ನಿಲ್ಲಿಸಿ ಅಂತ ಅದರ ಚೀಟಿ.
ನನ್ನಲ್ಲಿ ಮೂರು ಸೆಂಟಿ ಹೆಚ್ಚು.
ಹಿತ್ತಿಲಲ್ಲಿ ಬಿದ್ದಿದ್ದ ಶಹಾಬಾದ್ ಕಲ್ಲಿನ ತುಂಡು
ತಿಕ್ಕಿ ತೊಳೆದು ಅಡಿಗೆ ಕೊಟ್ಟೆ.
ಫ್ಯಾನು ರಿಪೇರಿಗೆ ಬಂದ ಭೂಗರ್ಭದ ಮೇಷ್ಟ್ರು ಒಮ್ಮೆ
ನನ್ನ ಅಂಗಡಿಯ ನೆಲ ತೋರಿಸಿ ಹೇಳಿದ್ದರು,
ಇದು ಎಷ್ಟೋ ಕೋಟಿ ವರ್ಷದ ಹಿಂದಿನ ಕಡಲ ತಳದ ಕೆಸರು ಎಂದು.
ಅಷ್ಟು ದಿನದ ಮೇಲೆ ಉಪ್ಪುನೀರು ಮುಟ್ಟಿದರೂ
ಕಲ್ಲು ಏನೂ ಅನ್ನಲಿಲ್ಲ.

ಒಂದು ವಾರ ಬಟ್ಟಲು ಖಾಲಿ.
ಮುಬೀನ್, "ನಾ ಹೇಳಿದ್ದಿಲ್ಲಾ?"
ಎಂಟನೆಯ ರಾತ್ರಿ ಕರೆಂಟು ಹೋಗಿ,
ಮೂರು ಗಂಟೆಗೆ ಬಂದು, ಎಲ್ಲ ಒಮ್ಮೆಲೇ ಉಕ್ಕಿ
ಕಾಲೊರೆಸುವ ಚೀಲ ಉಪ್ಪಾಯಿತು.
ಒಂಬತ್ತನೆಯ ಬೆಳಿಗ್ಗೆ
ಕತ್ತಿನ ಸುತ್ತ ಕಂದು ಕೆನೆ,
ಬಟ್ಟಲಲ್ಲಿ ಅರ್ಧ ಕಪ್ಪು ಕಡಕ್ ಚಹದ ಬಣ್ಣ.
ವಾಸನೆಗೆ ಸೆರಗು ಮೂಗಿಗೇರಿಸಿ ಜಗದೇವಿ
"ಇದಕ್ಕ ಹದಿನಾಲ್ಕು ಸಾವಿರಾ?" ಅಂದಳು.
ನಾನು ಉತ್ತರಿಸಲಿಲ್ಲ. ಮುಖ ಮಾತ್ರ
ಬೋರಿಗೆ ನೀರು ಬಿದ್ದವನದಿತ್ತು.

ಮಗಳಿಗೆ ಈಗ ಹಳದಿ ಮೀನೊಂದು ಬೇಕಂತೆ.
ಬಟ್ಟಲನ್ನು ಕೇಳು ಎಂದೆ.
ಅವಳು ಮೂಗು ಹಿಡಿದು, ಮಂಡಿಯೂರಿ,
ಖರೇನೇ ಕೇಳಿದಳು.